ಇಪ್ಪತ್ತೊಂದು ದಿನದಲ್ಲಿ ಬಿಳಿ ಹಲ್ಲು

ಮೊನ್ನೆ ಮಗಳು ಪೇಟೆಯಿಂದ ಹೊಸದೊಂದು ಟೂತ್‌ಪೇಸ್ಟ್ ತಂದಳು. ಹಲ್ಲನ್ನು ಬೆಳ್ಳಗೆ ಮಾಡುವ ಪೇಸ್ಟಂತೆ. ಡಬ್ಬಿಯೊಳಗೆ ಟ್ಯೂಬಿನ ಜೊತೆ ಒಂದು ಉದ್ದನೆಯ ಕಾಗದದ ಪಟ್ಟಿಯೂ ಇತ್ತು. ಅದರ ಮೇಲೆ ಸಾಲಾಗಿ ಹಲ್ಲಿನ ಚಿತ್ರಗಳು. ಈ ತುದಿಯದು ಹಾಲಿನ ಬಿಳಿ, ಆ ತುದಿಗೆ ಹೋಗುತ್ತ ಹೋಗುತ್ತ ಹಳದಿ. ಕನ್ನಡಿ ಮುಂದೆ ನಿಂತು, ಪಟ್ಟಿಯನ್ನು ತುಟಿಯ ಹತ್ತಿರ ಹಿಡಿದು, ನಮ್ಮದು ಎಷ್ಟನೇ ನಂಬರಿನ ಹಲ್ಲು ಎಂದು ನಾವೇ ಪರೀಕ್ಷೆ ಮಾಡಿಕೊಳ್ಳಬೇಕು. ಮಗಳದು ಮೂರನೇ ನಂಬರು ಬಂತು. ಎಲೆ-ಅಡಿಕೆ ಹಾಕುವ ಅವಳಪ್ಪನದು ಹನ್ನೊಂದು. ಅವರಿಬ್ಬರೂ ಆಚೆ ಹೋದ ಮೇಲೆ ನಾನೂ ಬಾಗಿಲು ಮುಂದೆ ಮಾಡಿ ಪಟ್ಟಿ ಹಿಡಿದು ನೋಡಿದೆ. ನನ್ನ ಹಲ್ಲು ಆ ಪಟ್ಟಿಯಲ್ಲೇ ಇರಲಿಲ್ಲ.

ಅದಕ್ಕೆ ಬೇಜಾರೇನೂ ಆಗಲಿಲ್ಲ. ಆದರೆ ಡಬ್ಬಿಯ ಮೇಲೆ ‘ಕೇವಲ ಮೂರು ವಾರಗಳಲ್ಲಿ’ ಎಂದು ಬರೆದಿದ್ದನ್ನು ಓದಿದಾಗ ಎದೆ ಧಸಕ್ಕೆಂದಿತು. ಮೂರು ವಾರ ಅಂದರೆ ಇಪ್ಪತ್ತೊಂದು ದಿನ. ನನ್ನ ಜೀವನದಲ್ಲಿ ಅಂಥ ಇಪ್ಪತ್ತೊಂದು ದಿನಗಳು ಒಮ್ಮೆ ಬಂದು ಹೋಗಿವೆ. ಅವನ್ನು ನೆನೆಸಿಕೊಂಡರೆ ಈಗಲೂ ಒಸಡು ಚುರುಗುಟ್ಟುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ. ಬಸ್ಸು ಹತ್ತಿ ಕುಳಿತರೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಹಾಕಿದ್ದು ನೆನಪಾದರೆ, ಒಳಗೆ ಬೆಕ್ಕು ಸಿಕ್ಕಿಕೊಂಡಿತೋ ಏನೋ ಎಂಬ ಚಿಂತೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ ಎಂದು ಪಕ್ಕದಲ್ಲಿ ಕುಳಿತ ಗಂಡ ಜ್ಞಾಪಿಸಬೇಕು. ಇಂಥವಳಿಗೆ ನಿಜವಾದ ಕಾರಣವೇ ಸಿಕ್ಕಿದರೆ ಹೇಗಿರಬೇಡ, ನೀವೇ ಯೋಚಿಸಿ.

ನನ್ನ ಹಲ್ಲಿನ ವರ್ಣನೆ ಮಾಡದೆ ಮುಂದೆ ಹೋಗುವಂತಿಲ್ಲ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಪಟ್ಟಿಗಳಿವೆ. ಉಳಿದಲ್ಲಿ ಸುಣ್ಣದ ಹನಿ ಸಿಡಿದಂತೆ ಬಿಳಿ ಚುಕ್ಕೆಗಳು. ಹಂಚಿನ ಮೇಲೆ ಕೊಂಚ ಹೆಚ್ಚು ಹೊತ್ತು ಬಿಟ್ಟ ಜೋಳದ ರೊಟ್ಟಿಯನ್ನು ನೋಡಿದ್ದರೆ ನನ್ನ ಹಲ್ಲನ್ನೂ ನೋಡಿದಂತೆಯೇ. ಹಾಲುಹಲ್ಲು ಬೆಳ್ಳಗೇ ಇದ್ದವಂತೆ. ಏಳನೇ ವರ್ಷಕ್ಕೆ ಅವು ಬಿದ್ದು ಹೊಸ ಹಲ್ಲು ಮೂಡಿದಾಗ ಅವ್ವ ನನ್ನ ಗದ್ದ ಎತ್ತಿ ನೋಡಿ, “ಬೆಲ್ಲ ತಿಂದು ತಿಂದು ಹಲ್ಲು ಕೆಡಿಸಿಕೊಂಡಿ” ಎಂದು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ನಮ್ಮದು ರಾಣೆಬೆನ್ನೂರು ತಾಲೂಕಿನ ಒಂದು ಸಣ್ಣ ಊರು. ಹೊಳೆ ಅಲ್ಲಿಂದ ನಾಲ್ಕು ಮೈಲಿ. ಊರಿನ ವಿಚಿತ್ರವೆಂದರೆ ಹಿರಿಯರ ಹಲ್ಲುಗಳೆಲ್ಲ ಬೆಳ್ಳಗೆ, ಹುಡುಗರ ಹಲ್ಲುಗಳೆಲ್ಲ ಕಂದು. ಬೇರೆ ಕಡೆ ವಯಸ್ಸಾದಂತೆ ಹಲ್ಲು ಕೆಡುತ್ತದೆ, ನಮ್ಮಲ್ಲಿ ಹುಟ್ಟುತ್ತಲೇ ಕೆಟ್ಟಿರುತ್ತಿತ್ತು. ಇದಕ್ಕೆ ಹಿರಿಯರ ಬಳಿ ಉತ್ತರ ಸಿದ್ಧವಿತ್ತು. ಈಗಿನ ಹುಡುಗರು ಚಹಾ ಕುಡಿಯುತ್ತಾರೆ, ಹುಣಸೆಹಣ್ಣು ಚೀಪುತ್ತಾರೆ, ಮೈಗಳ್ಳರು, ನೆಟ್ಟಗೆ ಹಲ್ಲು ತಿಕ್ಕುವುದಿಲ್ಲ. ನನ್ನ ಅಪ್ಪ ಚನ್ನಬಸಪ್ಪನಂತೂ ಬೇವಿನ ಕಡ್ಡಿ ಜಗಿಯುತ್ತ ಅಂಗಳದಲ್ಲಿ ನಿಂತು, ಕಬ್ಬಿನ ಗಣ್ಣನ್ನು ಹಲ್ಲಿನಿಂದಲೇ ಸಿಗಿದು ತೋರಿಸಿ, “ಹಲ್ಲು ಅಂದ್ರ ಹಿಂಗಿರಬೇಕು. ತಿಕ್ಕು, ಇನ್ನೊಂದೀಟು ತಿಕ್ಕು” ಎನ್ನುತ್ತಿದ್ದ. ನಾನು ತಿಕ್ಕುತ್ತಿದ್ದೆ. ಕುಳ್ಳಿನ ಬೂದಿ, ಇದ್ದಿಲ ಪುಡಿ, ಉಪ್ಪು, ಒಮ್ಮೆ ಯಾರದೋ ಮಾತು ಕೇಳಿ ಇಟ್ಟಂಗಿಯ ಪುಡಿ. ಹಲ್ಲು ಕಂದಾಗಿಯೇ ಉಳಿದು ಬೆರಳು ಮಾತ್ರ ಬೆಳ್ಳಗಾಗುತ್ತಿತ್ತು.

ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕನ ಹಲ್ಲು ಮಲ್ಲಿಗೆ ಮೊಗ್ಗು. ಅವಳನ್ನು ಹೊಳೆದಂಡೆಯ ಐರಣಿಗೆ ಕೊಟ್ಟಿತ್ತು. ಅವಳು ತವರಿಗೆ ಬಂದು ನಕ್ಕಾಗಲೆಲ್ಲ ಅಪ್ಪ ನನ್ನ ಕಡೆ ನೋಡುತ್ತಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಶಿಸ್ತಿನವಳು, ಇನ್ನೊಬ್ಬಳು ಸೋಮಾರಿ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ರಾಣೆಬೆನ್ನೂರಿನ ಹೈಸ್ಕೂಲಿಗೆ ಸೇರಿದ ಮೇಲೆ ಪೇಟೆಯ ಹುಡುಗಿಯರು, “ನಿಮ್ಮೂರಾಗ ಹಲ್ಲು ತಿಕ್ಕೂದಿಲ್ಲೇನ?” ಎಂದು ಕೇಳತೊಡಗಿದರು. ಅಲ್ಲಿಂದ ನಾನು ತುಟಿ ಬಿಚ್ಚದೆ ನಗುವುದನ್ನು ಕಲಿತೆ. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ ನಗದೆಯೇ ಇರುವುದನ್ನೂ ಕಲಿತೆ.

ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇದ್ದಾಗ, ಅಂದರೆ ತೊಂಬತ್ತರ ಆಸುಪಾಸಿನಲ್ಲಿ, ಬ್ಯಾಡಗಿಯಿಂದ ಒಂದು ಸಂಬಂಧದ ಸುದ್ದಿ ಬಂತು. ಮೆಣಸಿನಕಾಯಿ ದಲಾಲಿ ಅಂಗಡಿಯವರು, ಹುಡುಗ ಬಿ.ಕಾಂ. ಓದಿ ಅಪ್ಪನ ಜೊತೆ ಅಂಗಡಿಯಲ್ಲೇ ಕೂರುತ್ತಾನೆ. ಮೊದಲು ಹುಡುಗಿಯ ಫೋಟೋ ಕಳಿಸಿ ಎಂದರು. ರಾಣೆಬೆನ್ನೂರಿನ ಒಂದು ಸ್ಟುಡಿಯೋಕ್ಕೆ ಅಪ್ಪ ನನ್ನನ್ನು ಕರೆದುಕೊಂಡು ಹೋದ. ಫೋಟೋದವರು ದೀಪ ಹಚ್ಚಿ, ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, “ಒಂದೀಟು ನಗ್ರಿ ತಂಗಿ, ಹಿಂಗ್ಯಾಕ ಕುಂತೀರಿ, ಯಾರರ ಹೊಡದಾರೇನು?” ಎಂದರು. ಆ ಮಾತಿಗೆ ನನಗೆ ನಗು ತಡೆಯಲಾಗಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಬೆಳಕು ಫಕ್ಕೆಂದಿತು.

ವಾರದ ಮೇಲೆ ಫೋಟೋ ತರಲು ಹೋದಾಗ ನೋಡಿದರೆ ಅದರಲ್ಲಿ ನಗುತ್ತಿದ್ದವಳು ನಾನಲ್ಲ. ಮೂಗು, ಕಣ್ಣು, ಜಡೆ ನನ್ನವೇ. ಬಾಯಲ್ಲಿ ಮಾತ್ರ ಅಕ್ಕನ ಹಲ್ಲು. ಫೋಟೋದವರು ಖುಷಿಯಿಂದ ಗುಟ್ಟು ಬಿಚ್ಚಿದರು. ನೆಗೆಟಿವ್ ಮೇಲೆ ಮೊನಚಾದ ಪೆನ್ಸಿಲ್ಲಿನಿಂದ ಹಲ್ಲುಗಳನ್ನು ಸಣ್ಣಗೆ ಕರಿ ಮಾಡಿದರೆ ಫೋಟೋದಲ್ಲಿ ಅವು ಬೆಳ್ಳಗೆ ಬರುತ್ತವಂತೆ. “ಕನ್ಯಾ ಫೋಟೋ ಅಂದ್ರ ನಾವ ಕಾಳಜಿ ತಗೋತೇವಿ” ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಛಲೋ ಬಂದೈತಿ” ಎಂದು ಲಕೋಟೆಗೆ ಹಾಕಿದ. ನಾನೂ ಸುಮ್ಮನಿದ್ದೆ. ಈ ಸಂಬಂಧ ಎಲ್ಲಿ ಕೂಡಿ ಬರುತ್ತದೆ ಎಂಬ ಧೈರ್ಯ. ಅಷ್ಟೇ ಅಲ್ಲ, ಸುಳ್ಳು ಹೇಳಬಾರದು, ಆ ಹಲ್ಲು ನನಗೂ ಇಷ್ಟವಾಗಿತ್ತು.

ಹತ್ತು ದಿನಕ್ಕೆ ಬ್ಯಾಡಗಿಯಿಂದ ಉತ್ತರ ಬಂತು. ಫೋಟೋ ಒಪ್ಪಿಗೆಯಾಗಿದೆ, ಬರುವ ಸೋಮವಾರ ಬಿಟ್ಟು, ಅದರ ಮುಂದಿನದೂ ಬಿಟ್ಟು, ಮೂರನೆಯ ಸೋಮವಾರ ಹುಡುಗಿಯನ್ನು ನೋಡಲು ಬರುತ್ತೇವೆ. ಪತ್ರದ ಕೊನೆಗೆ ಒಂದು ಸಾಲು: ‘ಹುಡುಗಿಯ ನಗು ಎಲ್ಲರ ಮನಸ್ಸಿಗೆ ಬಂದಿದೆ.’

ನನ್ನಲ್ಲಿ ಮನಸ್ಸಿಗೆ ಬರಲು ಬೇರೆ ಏನೂ ಇರಲಿಲ್ಲವೇ? ಜಡೆ ಮಂಡಿಯವರೆಗಿತ್ತು. ಟೀಚರ್ ಟ್ರೇನಿಂಗ್ ಮುಗಿಸಿದ್ದೆ. ಅವೆಲ್ಲ ಬಿಟ್ಟು, ಪೆನ್ಸಿಲ್ಲಿನಲ್ಲಿ ಬರೆದದ್ದನ್ನೇ ಮೆಚ್ಚಿಕೊಳ್ಳಬೇಕೆ! ಅದೂ ಎಂಥವರು? ಬ್ಯಾಡಗಿಯ ಮೆಣಸಿನಕಾಯಿಯವರು. ಬಣ್ಣ ನೋಡಿಯೇ ಬದುಕುವ ಜನ. ಒಂದು ಹಿಡಿ ಕಾಯಿ ಎತ್ತಿ ಬಿಸಿಲಿಗೆ ಹಿಡಿದರೆ ಯಾವ ಹೊಲದ್ದು, ಗಿಡದಿಂದ ಎಷ್ಟನೇ ಸಲ ಬಿಡಿಸಿದ್ದು, ಮಳೆ ತಾಗಿದೆಯೋ ಇಲ್ಲವೋ ಹೇಳಿಬಿಡುತ್ತಾರಂತೆ. ಅಂಥವರ ಮುಂದೆ ನಾನು ಬಾಯಿ ಬಿಡಬೇಕಾಗಿತ್ತು. ಸಂಬಂಧ ತಪ್ಪುವುದಲ್ಲ, ಮೋಸಗಾರರು ಎಂದು ಅಪ್ಪನ ಮುಖಕ್ಕೆ ಹೇಳಿ ಎದ್ದು ಹೋಗುತ್ತಾರೆ. ಪಂಚಾಯಿತಿ ಮೆಂಬರಾಗಿ ಊರಲ್ಲಿ ತಲೆ ಎತ್ತಿ ಓಡಾಡುವ ಮನುಷ್ಯ.

ರಾಣೆಬೆನ್ನೂರಿನ ಅಂಗಡಿಗಳಲ್ಲಿ ಅಪ್ಪನ ಪರಿಚಯದವರು ಸಿಗುತ್ತಾರೆಂದು ತವರಿಗೆ ಬಂದಿದ್ದ ಅಕ್ಕನನ್ನು ಜೊತೆ ಮಾಡಿಕೊಂಡು, ಹಲ್ಲಿಗೇನಾದರೂ ಮದ್ದು ಸಿಗುತ್ತದೋ ಎಂದು ಹಾವೇರಿಗೆ ಹೋದೆ. ಒಂದು ಔಷಧಿ ಅಂಗಡಿಯಲ್ಲಿ ಹಲ್ಲು ಬೆಳ್ಳಗಾಗುವ ಪೇಸ್ಟು ಇತ್ತು. ಬೀಡಿ-ತಂಬಾಕಿನ ಕಲೆ ತೆಗೆಯುವುದಕ್ಕೆಂದೇ ಮಾಡಿದ್ದಂತೆ. ಕೊಳವೆಯ ಮೇಲೆ ಮೂರು ವಾರ ಎಂದು ಬರೆದಿತ್ತು. ನಮಗೂ ಮೂರು ವಾರವೇ ಉಳಿದದ್ದು ನೋಡಿ ಇದು ದೇವರ ಸೂಚನೆಯೇ ಎನಿಸಿತು. ಅಂಗಡಿಯವರು, “ನಿಮ್ಮ ಮನಿಯವ್ರು ಭಾಳ ಬೀಡಿ ಸೇದ್ತಾರೇನ್ರಿ?” ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಹೀಗೆ ಗಂಡ ಸಿಗುವ ಮೊದಲೇ ಅವನಿಗೆ ಬೀಡಿಯ ಚಟ ಅಂಟಿಸಿದೆ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಹಲ್ಲಿನ ಪುಡಿ ಮಾರುತ್ತಿದ್ದ. ಸುತ್ತ ಜನ. ಒಬ್ಬ ಮುದುಕನನ್ನು ಮುಂದೆ ಕೂರಿಸಿ, ಹತ್ತಿಯ ಉಂಡೆಯಲ್ಲಿ ಪುಡಿ ಅದ್ದಿ ಅವನ ಬಲಗಡೆಯ ಹಲ್ಲುಗಳನ್ನಷ್ಟೇ ತಿಕ್ಕಿ, “ನೋಡ್ರಿ, ಇದು ಹಗಲು, ಇದು ರಾತ್ರಿ” ಎಂದು ಮುದುಕನ ಬಾಯಿಯನ್ನು ಎಲ್ಲರತ್ತ ತಿರುಗಿಸುತ್ತಿದ್ದ. ಖರೇನೇ ಅರ್ಧ ಬಾಯಿ ಬೆಳ್ಳಗಾಗಿತ್ತು. ಅಕ್ಕ ನನ್ನ ತೋಳು ಹಿಡಿದು ಎಳೆದಳು. “ಬ್ಯಾಡ ನಡಿಯವ್ವಾ, ಅದರಾಗ ಏನ ಹಾಕ್ಯಾರೋ ಏನೋ.” ನಾನು ನಡೆದೆ. ಆದರೆ ಅವಳು ಬಸ್ಸಿನಲ್ಲಿ ಸೀಟು ಹಿಡಿಯಲು ಹತ್ತಿದಾಗ ಹಿಂದಕ್ಕೆ ಓಡಿ ಒಂದು ಪೊಟ್ಟಣ ತಂದು ಕುಪ್ಪಸದಲ್ಲಿ ಸಿಕ್ಕಿಸಿಕೊಂಡೆ. ಉಪಯೋಗಿಸುವ ಮನಸ್ಸಿರಲಿಲ್ಲ. ಇರಲಿ, ಪೇಸ್ಟು ಕೈ ಕೊಟ್ಟರೆ ಎಂಬ ಚಿಂತೆ.

ಪೇಸ್ಟಿಗೆ ಗುಲಾಬಿ ಬಣ್ಣ, ಬಾಯಿಗಿಟ್ಟರೆ ಉಸುಕು ಉಸುಕು. ದಿನಕ್ಕೆರಡು ಸಲ ಎಂದು ಬರೆದಿದ್ದರು, ನಾನು ಐದು ಸಲ ತಿಕ್ಕಿದೆ. ಹಿತ್ತಿಲ ಬಚ್ಚಲಲ್ಲಿ ಕುಳಿತು ತಿಕ್ಕುವುದು, ತೊಳೆಯುವುದು, ಒಡೆದ ಕನ್ನಡಿಯ ಚೂರಿನಲ್ಲಿ ನೋಡುವುದು. ಪಕ್ಕದ ಮನೆಯ ಫಕ್ಕೀರವ್ವ ಸೊಂಟದ ಮೇಲೆ ಎರಡು ವರ್ಷದ ಮಗ ಮಂಜನನ್ನು ಕೂರಿಸಿಕೊಂಡು ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ನಮ್ಮೂರಿಗೆ ಸೊಸೆಯಾಗಿ ಬಂದವಳು. “ಪೇಸ್ಟಿನಾಗ ಏನೈತಿ ಬೇ? ನಮ್ಮ ಬೋರಿಂಗಿನ ನೀರು ಖಡಕ್ ಅದಾವ. ಬಾಯಿ ತುಂಬ ಹಿಡದು ನಿಂದ್ರು, ಕೊಳಿ ತಾನ ಬಿಡತೈತಿ” ಎಂದಳು. ಅಪ್ಪನಿಗೂ ಈ ಮಾತು ಹಿಡಿಸಿತು. ಯಾಕೆ ಹಿಡಿಸಬಾರದು? ಆ ಬೋರಿಂಗು ಅವನದೇ.

ಅವನದೇ ಅಂದರೆ ಅವನು ತರಿಸಿದ್ದು. ನನಗೆ ಎರಡು ವರ್ಷ ಇದ್ದಾಗ ಊರ ಹಳೆಯ ಭಾವಿ ಬತ್ತಿ, ಹೆಂಗಸರು ಹೊಳೆಗೆ ನಡೆಯುವಂತಾಗಿತ್ತಂತೆ. ಅಪ್ಪ ಧಾರವಾಡದ ಕಚೇರಿಗೆ ಚಪ್ಪಲಿ ಸವೆಯುವ ತನಕ ಓಡಾಡಿ, ಕೊರೆಯುವ ಲಾರಿಯನ್ನು ಊರಿಗೆ ತಂದ. ಎರಡು ದಿನ ನೆಲ ಕೊರೆದು, ಕೈಪಂಪು ಕೂರಿಸಿ, ಅರಿಶಿನ-ಕುಂಕುಮ ಹಚ್ಚಿ, ಕಾಯಿ ಒಡೆದರು. ಎಳೆದರೆ ದಬದಬನೆ ನೀರು. ಊರವರು ಅಪ್ಪನ ಮೆರವಣಿಗೆ ಮಾಡಿದರು. ಆಮೇಲೆ ಆ ಭಾವಿಯ ಕಡೆ ಯಾರೂ ಹೋಗಲಿಲ್ಲ. ಮೊದಲನೆಯ ತಂಬಿಗೆಯನ್ನು ಅಪ್ಪ ದೇವರಿಗೂ ಕೊಡದೆ ನನಗೆ ಕುಡಿಸಿದನಂತೆ. ಬಂದವರ ಮುಂದೆಲ್ಲ ಇದನ್ನು ಹೇಳುವುದು ಅವನಿಗೆ ಹಬ್ಬ. ಹೇಳಿ ಹೇಳಿ ನನಗೇ ಅದು ನೆನಪಿದೆಯೇನೋ ಎನಿಸುತ್ತಿತ್ತು.

ಹೀಗಾಗಿ ಅಪ್ಪ ದಿನಾ ಬೆಳಿಗ್ಗೆ ನನಗಾಗಿ ಬೋರಿಂಗಿನಿಂದ ಒಂದು ಕೊಡ ತಾಜಾ ನೀರು ತಂದು ಬಚ್ಚಲ ಬಾಗಿಲಲ್ಲಿ ಇಡತೊಡಗಿದ. ನಾನು ಬಾಯಿ ತುಂಬ ಹಿಡಿದು ನೂರರವರೆಗೆ ಎಣಿಸಿ ಉಗಿಯುತ್ತಿದ್ದೆ. ಹೀಗೆ ಹದಿನೈದು ಸಲ. ಎರಡನೆಯ ವಾರ ಅರ್ಧ ಕಳೆದರೂ ಕಂದು ಪಟ್ಟಿಗಳು ಕೂದಲೆಳೆಯಷ್ಟೂ ಸರಿಯಲಿಲ್ಲ. ಬ್ರಶ್ಶಿನ ಎಳೆಗಳು ಮಾತ್ರ ಸವೆದು ಕೆದರಿದ್ದವು. ಒಸಡಿನಿಂದ ರಕ್ತ ಬರುತ್ತಿತ್ತು. ಇನ್ನು ಹತ್ತೇ ದಿನ ಉಳಿದಿದ್ದಾಗ ಪೊಟ್ಟಣ ಬಿಚ್ಚಿದೆ.

ಪುಡಿ ನಾಲಿಗೆಗೆ ಹುಳಿ ಹುಳಿ. ಮೊದಲ ದಿನವೇ ಬದಲಾವಣೆ ಕಂಡಿತು. ಹಲ್ಲಿನ ಹೊಳಪು ಹೋಗಿ ಸುಣ್ಣದ ಗೋಡೆಯ ಹಾಗೆ ಬಿಳಿಚಿತು. ಪಟ್ಟಿಗಳು ಕೊಂಚ ಮಾಸಿದಂತೆ ಕಂಡವು. ನನ್ನ ಸಂಭ್ರಮ ಹೇಳತೀರದು. ಎರಡನೆಯ ದಿನ ತಣ್ಣೀರು ತಾಗಿದರೆ ಮಿಂಚು ಹೊಡೆದಂತಾಯಿತು. ನಾಲ್ಕನೆಯ ದಿನ ಬಾಯಿಂದ ಗಾಳಿ ಎಳೆದುಕೊಂಡರೂ ನೋವು. ಬಾಯಿ ತೆರೆಯದಂತೆ ಇರುವುದು ಮೊದಲು ನನ್ನ ಮಾನದ ಪ್ರಶ್ನೆಯಾಗಿತ್ತು, ಈಗ ಪ್ರಾಣದ ಪ್ರಶ್ನೆಯಾಯಿತು. ಆರನೆಯ ದಿನ ಒಸಡಿನ ಮೇಲಿನ ಚರ್ಮ ಬೆಳ್ಳಗೆ ಸುಲಿದು ಬಂತು. ಊಟದ ಹೊತ್ತಿಗೆ ತಾಟಿನ ಮುಂದೆ ಕುಳಿತು ನಾನು ಅಳುವುದನ್ನು ಕಂಡ ಅಪ್ಪ ಏನೂ ಕೇಳದೆ ಅಂಗಿ ತೊಟ್ಟುಕೊಂಡು, “ಏಳು, ರಾಣಿಬೆನ್ನೂರಿಗೆ ಹೋಗೂಣು” ಎಂದ.

ಹಲ್ಲಿನ ಡಾಕ್ಟರರದು ಮಹಡಿಯ ಮೇಲೆ ಒಂದು ಸಣ್ಣ ಕೋಣೆ. ನಾನು ಪೊಟ್ಟಣವನ್ನು ಮುಂದಿಟ್ಟು, ಆರು ದಿನ ತಿಕ್ಕಿದ್ದನ್ನು ಹೇಳಿ ತಲೆ ತಗ್ಗಿಸಿದೆ. ಡಾಕ್ಟರರು ಅದನ್ನು ಮೂಸಿ ನೋಡಿದರು. ಆಮೇಲೆ ಬಗ್ಗಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ಚಿಟಿಕೆ ಉದುರಿಸಿ ಎರಡು ಹನಿ ನೀರು ಬಿಟ್ಟರು. ಪುಡಿ ಸುರ್ರೆಂದು ನೊರೆಯೆದ್ದಿತು. ಬಟ್ಟೆಯಿಂದ ಒರೆಸಿದರೆ ಕಲ್ಲಿನ ನುಣುಪು ಹೋಗಿ ಬಿಳಿ ಮಚ್ಚೆ.

“ಕಲ್ಲಿಗೇ ಹಿಂಗಾದ್ರ ಹಲ್ಲಿಗೆ ಹೆಂಗಾಗಬೇಕವ್ವಾ?” ಎಂದರು. “ಇದರಾಗ ಆ್ಯಸಿಡ್ ಐತಿ. ಹಲ್ಲಿನ ಮ್ಯಾಲಿನ ಗಟ್ಟಿ ಪದರ ಕರಗಿಸಿ ಬೆಳ್ಳಗ ಕಾಣೂಹಂಗ ಮಾಡತೈತಿ. ಕರಗಿದ್ದು ಮತ್ತ ಬೆಳಿಯೂದಿಲ್ಲ. ಆರು ದಿನಕ್ಕ ಬಂದಿ, ಪುಣ್ಯೆ.”

“ಮತ್ತ ಪೇಸ್ಟ್ ಹಚ್ಚಿದ್ರ ನಡಿತೈತೇನ್ರಿ?” ನನಗೆ ಆಗಲೂ ಸೋಮವಾರದ್ದೇ ಚಿಂತೆ.

“ಚಹಾದ ಕಲಿ, ತಂಬಾಕಿನ ಕಲಿ ಮ್ಯಾಲಿರತಾವ. ಪೇಸ್ಟ್ ಅವನ್ನ ಒಂದೀಟು ತಿಕ್ಕಿ ತಗೀತೈತಿ. ಅದನ್ನೂ ಹಗಲೆಲ್ಲ ತಿಕ್ಕಿದ್ರ ಹಲ್ಲು ಸವಿತೈತಿ. ನಿನ್ನ ಕಲಿ ಮ್ಯಾಲಿಂದಲ್ಲ, ಒಳಗಿಂದು. ಹಲ್ಲು ಇನ್ನೂ ಒಸಡಿನೊಳಗ ಇದ್ದಾಗನ ಕೂಡಿದ್ದು.” ಹಾಗೆಂದು ಅಪ್ಪನ ಕಡೆ ತಿರುಗಿದರು. “ನಿಮ್ಮೂರಾಗ ಕುಡಿಯೂ ನೀರು ಯಾವ್ದರಿ, ಯಜಮಾನ್ರ?”

ಅಪ್ಪನ ಮುಖ ಅರಳಿತು. ಇಂಥ ಪ್ರಶ್ನೆ ಕೇಳಿದವರನ್ನು ಅವನು ಎಂದೂ ಸುಮ್ಮನೆ ಬಿಟ್ಟವನಲ್ಲ. “ಬೋರಿಂಗ್ ಐತ್ರಿ. ನಾನ ಹಾಕಿಸಿದ್ದು. ಧಾರವಾಡಕ್ಕ ಎಷ್ಟು ಸಲ ಅಡ್ಡಾಡಿದೆ ಅಂತೀರಿ! ಇಕಿ ಆಗ ಎರಡು ವರ್ಷದಾಕಿ. ಮೊದಲನೇ ತಂಬಿಗಿ ನೀರು ಇಕಿಗೇ ಕುಡಿಸಿದೆ ನೋಡ್ರಿ, ನನ್ನ ಕೈಯಾರ.”

ಡಾಕ್ಟರರು ತಮ್ಮ ಕೈ ಒರೆಸಿಕೊಂಡು, ಮೆತ್ತಗೆ ಹೇಳಿದರು. ಆಳದ ನೀರಿನಲ್ಲಿ ಕೆಲವು ಕಡೆ ಫ್ಲೋರೈಡ್ ಎಂಬ ಅಂಶ ಹೆಚ್ಚಿರುತ್ತದೆ. ಏಳೆಂಟು ವರ್ಷದೊಳಗಿನ ಮಕ್ಕಳು ಅದನ್ನೇ ಕುಡಿದು ಬೆಳೆದರೆ ಹಲ್ಲು ಹೀಗೆ ಬರುತ್ತದೆ. ದೊಡ್ಡವರ ಹಲ್ಲು ಆಗಲೇ ಬೆಳೆದಿರುವುದರಿಂದ ಅವರಿಗೆ ಕಲೆ ಬೀಳುವುದಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಬೇಕು, ಅಲ್ಲಿಯ ತನಕ ಸಣ್ಣ ಮಕ್ಕಳಿಗೆ ಹೊಳೆಯ ನೀರನ್ನು ಕಾಸಿ ಕೊಡುವುದು ಒಳ್ಳೆಯದು. ಇಷ್ಟು ಹೇಳಿ ನನಗೊಂದು ಮುಲಾಮು ಬರೆದುಕೊಟ್ಟರು.

ಈಗ ಪೇಸ್ಟಿನ ಡಬ್ಬಿಗಳ ಮೇಲೆ ಫ್ಲೋರೈಡ್ ಇದೆ ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಬಟಾಣಿ ಕಾಳಿನಷ್ಟು ಪೇಸ್ಟಿನಲ್ಲಿ ಇರುವುದು ಹಲ್ಲಿಗೆ ಒಳ್ಳೆಯದೇ ಎಂದು ನನಗೆ ಗೊತ್ತು. ಮಗಳಿಗೂ ಅದನ್ನೇ ಕೊಟ್ಟು ಬೆಳೆಸಿದ್ದೇನೆ. ಆದರೂ ಆ ಅಕ್ಷರಗಳನ್ನು ಕಂಡರೆ ಮಹಡಿಯ ಮೆಟ್ಟಿಲು ಇಳಿಯುತ್ತಿದ್ದ ಅಪ್ಪನ ಬೆನ್ನು ಕಾಣುತ್ತದೆ. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿಯುತ್ತಿದ್ದ. ಬಸ್ಸಿನಲ್ಲಿ ಅವನು ತಾನಾಗಿ ಕೇಳಿದ್ದು ಒಂದೇ ಮಾತು.

“ಆ ಡಾಕ್ಟರು ಹೇಳಿದ್ದು ಖರೇ ಇರಬಹುದೇನಬೇ?”

“ಗೊತ್ತಿಲ್ಲಪ್ಪಾ” ಎಂದೆ. ಗೊತ್ತಿತ್ತು. ಅಕ್ಕನ ಹಲ್ಲು, ನನ್ನ ಹಲ್ಲು, ಊರ ಹುಡುಗರ ಹಲ್ಲು, ಎಲ್ಲ ಲೆಕ್ಕ ಒಮ್ಮೆಲೇ ಕೂಡಿಕೊಂಡಿತ್ತು. ಆದರೆ ಅದನ್ನು ಅವನಿಗೆ ಹೇಳುವ ಬಾಯಿ ನನ್ನದಾಗಿರಬಾರದು ಎನಿಸಿತು. ಬ್ಯಾಡಗಿಯವರಿಗೆ ಬರಬೇಡಿ ಎಂದು ಬರೆದುಬಿಡು ಎಂದೆ. ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಬರಲಿ” ಎಂದ. ಮನೆಯಲ್ಲಿ ಅವ್ವನಿಗೂ ಏನೂ ಹೇಳಲಿಲ್ಲ. ಬಚ್ಚಲ ಬಾಗಿಲಲ್ಲಿ ಕೊಡ ಇಡುವುದನ್ನು ಮಾತ್ರ ನಿಲ್ಲಿಸಿದ.

ಉಳಿದ ನಾಲ್ಕು ದಿನ ನಾನು ಹಲ್ಲು ಕಾಣದಂತೆ ಮಾತಾಡುವುದನ್ನು ಅಭ್ಯಾಸ ಮಾಡಿದೆ. ‘ಗಿರಿಜಾ’ ಎಂದು ಹೆಸರು ಹೇಳಿದರೆ ಕೊನೆಗೆ ಬಾಯಿ ಬಿಡುತ್ತದೆ. ‘ಗಿರ್ಜ’ ಎಂದು ತುಟಿ ಬಿಗಿದು ಹೇಳಿದರೆ ಪಾರು. ಟ್ರೇನಿಂಗ್ ಮುಗಿದಿದೆಯೇ ಎಂದರೆ ‘ಹೂಂ’. ಅಡಿಗೆ ಬರುತ್ತದೆಯೇ ಎಂದರೆ ‘ಹೂಂ’. ಹಾಡು ಹೇಳು ಎಂದರೆ ಏನು ಗತಿ?

ಸೋಮವಾರ ಬೆಳಿಗ್ಗೆ ಅಪ್ಪ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಎತ್ತಲೋ ಹೋದವನು ಬೆವರಿಳಿಸುತ್ತ ಹೊಳೆಯ ನೀರು ತಂದ. “ಬಾಗಲಕ್ಕ ಬೋರಿಂಗ್ ಇಟಗೊಂಡು ಇವತ್ತ ಹೊಳಿಗೆ ಹೋಗ್ಯಾರಲ್ಲ, ಏನ ಹೇಳಲಿ ಇವರಿಗೆ” ಎಂದು ಅವ್ವ ಗೊಣಗಿದಳು. ಹತ್ತೂವರೆಗೆ ಬ್ಯಾಡಗಿಯವರು ಬಂದರು. ಹುಡುಗ, ಅವನ ತಂದೆ, ಅವನ ಸೋದರತ್ತೆ. ಕಾಲಿಗೆ ನೀರು ಕೊಟ್ಟು, ಕುಡಿಯಲು ಬೆಲ್ಲ-ನೀರು ಕೊಟ್ಟದ್ದು ಒಳಗಿದ್ದ ನನಗೆ ಕೇಳುತ್ತಿತ್ತು. ಹುಡುಗನ ತಂದೆ, “ಭಾಳ ಸಿಹಿ ಅದಾವ್ರಿ ನಿಮ್ಮೂರ ನೀರು” ಎಂದರು. ಅಪ್ಪ, “ಉಪ್ಪಿಟ್ಟು ತರ್ರಿ” ಎಂದು ಒಳಗೆ ಕೂಗಿದ.

ನಾನು ಉಪ್ಪಿಟ್ಟಿನ ತಾಟು ಹಿಡಿದು ಹೋದೆ. ಸೋದರತ್ತೆ ನನ್ನನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿಕೊಂಡರು. ಹೆಸರು ಕೇಳಿದರು, ತುಟಿ ಬಿಗಿದು ಹೇಳಿದೆ. ಮುಂದಿನ ಮೂರು ಪ್ರಶ್ನೆಗಳಿಗೆ ‘ಹೂಂ’ ಸಾಕಾಯಿತು. ಆಗ ಅವರು ಚೀಲದಿಂದ ನನ್ನ ಫೋಟೋ ತೆಗೆದು, ಅದನ್ನೂ ನನ್ನನ್ನೂ ಒಮ್ಮೊಮ್ಮೆ ನೋಡಿ, “ಇದರಾಗ ಎಷ್ಟು ಛಂದ ನಕ್ಕೀದಿ! ಹಂಗ ಒಂದೀಟು ನಗು ನೋಡೂಣು, ನಮ್ಮವ್ವ” ಎಂದರು. ಪ್ರೀತಿಯಿಂದಲೇ ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

“ಆಗ್ಲೆ ನೀವು ಕುಡದ್ರಲ್ರಿ,” ಎಂದ ಅಪ್ಪ ಕಂಬದ ಹತ್ತಿರದಿಂದ, “ಅವು ನಮ್ಮೂರ ನೀರಲ್ಲ. ಹೊಳಿವು, ನಾನ ಹೋಗಿ ತಂದೇನಿ. ನಮ್ಮೂರ ನೀರು ನೋಡಬೇಕಂದ್ರ ನಮ್ಮ ಹುಡುಗಿ ಹಲ್ಲು ನೋಡ್ರಿ. ಫೋಟೋದಾಗಿನ ಹಲ್ಲು ಸುಳ್ಳದಾವ. ನನಗ ಗೊತ್ತಿತ್ತು, ಗೊತ್ತಿದ್ದ ಕಳಿಸೇನಿ, ತಪ್ಪು ನನ್ನದು. ಹಲ್ಲು ತಿಕ್ಕದ ಹುಡುಗಿ ಅಲ್ರಿ ಇಕಿ. ನಾ ಕುಡಿಸಿದ ನೀ...” ಮುಂದಿನ ಅಕ್ಷರ ಅವನಿಗೆ ಹೊರಡಲಿಲ್ಲ.

ಅಪ್ಪನನ್ನು ಹಾಗೆ ಒಬ್ಬನೇ ನಿಲ್ಲಿಸಲು ನನಗೆ ಆಗಲಿಲ್ಲ. ನಾನು ಮುಖ ಎತ್ತಿ ಬಾಯಿ ತೆರೆದೆ. ಸುಟ್ಟ ಒಸಡಿಗೆ ಗಾಳಿ ತಾಗಿ ಕಣ್ಣಲ್ಲಿ ನೀರು ಬಂತು. ಸೋದರತ್ತೆ ಬಗ್ಗಿ ನೋಡಿ, “ಅಯ್ಯ ನಮ್ಮವ್ವ” ಎಂದು ಫೋಟೋವನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟರು. ಹುಡುಗ ಕೈಯಲ್ಲಿದ್ದ ಚಮಚೆಯನ್ನೇ ನೋಡುತ್ತಿದ್ದ. ಅವನ ತಂದೆ ಮಾತ್ರ ಅಪ್ಪನನ್ನು ನೋಡುತ್ತಿದ್ದರು.

“ಆ ಬೋರಿಂಗ್ ಇನ್ನೂ ನಡದೈತೇನ್ರಿ?”

“ನಡದೈತ್ರಿ.”

“ಸಣ್ಣ ಕೂಸುಗಳೂ ಅದನ್ನ ಕುಡಿತಾವೇನ್ರಿ?”

ಅಪ್ಪ ತಲೆ ತಗ್ಗಿಸಿದ. ಬಂದವರು ಉಪ್ಪಿಟ್ಟು ತಿಂದು, ಕುಂಕುಮ ಹಚ್ಚಿಸಿಕೊಂಡು, ಹೇಳಿ ಕಳಿಸುತ್ತೇವೆ ಎಂದು ಎದ್ದರು. ಯಾರೂ ಮೋಸಗಾರರು ಎನ್ನಲಿಲ್ಲ. ಹೇಳಿ ಕಳಿಸಲೂ ಇಲ್ಲ. ತಿಂಗಳು ಪೂರ್ತಿ ನಾನು ಅಂಚೆಯವನ ಸೈಕಲ್ಲಿನ ಗಂಟೆಗೆ ಬೆಚ್ಚಿ ಬೀಳುತ್ತಿದ್ದೆ.

ಆದರೆ ನಾನು ಹೇಳಹೊರಟದ್ದು ಮಂಗಳವಾರದ ವಿಷಯ. ಅಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಪ್ಪ ಬೋರಿಂಗಿನ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಸೈಕಲ್ಲು. ನೀರಿಗೆ ಬಂದ ಹೆಂಗಸರ ಸಾಲು ಬೆಳೆದಿತ್ತು. ಒಬ್ಬೊಬ್ಬರಿಗೂ ಅಪ್ಪ, “ಸಣ್ಣ ಮಕ್ಕಳಿಗೆ ಈ ನೀರು ಬ್ಯಾಡ್ರವ್ವಾ” ಎನ್ನುತ್ತಿದ್ದ. ಅವರು ನಗುತ್ತಿದ್ದರು. ಎಲ್ಲಿಯಾದರೂ ಉಂಟೇ? ಈ ನೀರಿಗಾಗಿ ಮೆರವಣಿಗೆ ಮಾಡಿಸಿಕೊಂಡ ಮನುಷ್ಯ.

ಫಕ್ಕೀರವ್ವ ಮಂಜನನ್ನು ಸೊಂಟದಲ್ಲಿ ಹೊತ್ತೇ ಕೊಡ ತುಂಬಿಸಿ ಕೆಳಗಿಟ್ಟಳು. “ಕಾಕಾ, ನೀನ ತರಿಸಿದ್ದಲ್ಲೋ ಇದನ್ನ?”

“ನಾನ ತರಿಸಿದ್ದು. ಅದಕ್ಕ ನಾನ ಹೇಳಾಕತ್ತೇನಿ.” ಅಪ್ಪ ನಮ್ಮ ಮನೆಯ ಕಡೆ ತಿರುಗಿ ಕೂಗಿದ. “ಗಿರಿಜವ್ವಾ, ಬಾ ಇಲ್ಲೆ. ಬಾಯಿ ತಗದು ತೋರಸು.”

ಹಿಂದಿನ ದಿನ ಮೂರು ಜನರ ಮುಂದೆ ತೆರೆದ ಬಾಯಿ. ಈಗ ಇಪ್ಪತ್ತು ಜನ, ದಿನಾ ಮುಖ ನೋಡುವವರು. ಹೋಗಿ ಅಪ್ಪನ ಪಕ್ಕದಲ್ಲಿ ನಿಂತು ತೆರೆದೆ. ಫಕ್ಕೀರವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮಗನ ತುಟಿಯನ್ನು ಬೆರಳಿನಿಂದ ಎತ್ತಿ ಅವನ ಹಾಲುಹಲ್ಲುಗಳನ್ನು ನೋಡಿದಳು.

“ಇವನವು ಬೆಳ್ಳಗದಾವಲ್ಲ ಬೇ?”

“ನನ್ನವೂ ಹಿಂಗ ಇದ್ದುವಂತ ಅಕ್ಕಾ,” ಎಂದೆ, “ಅವು ಬಿದ್ದ ಮ್ಯಾಲೆ ಇವು ಬಂದುವು.”

ಅವಳು ನನ್ನ ಬಾಯಿಯನ್ನು ಇನ್ನೊಮ್ಮೆ ನೋಡಿದಳು. “ಹೊಳಿ ನಾಕು ಮೈಲಿ ಆಗತೈತಲ್ಲೋ, ಕಾಕಾ.”

“ನಾ ತರತೇನಿ.”

ಫಕ್ಕೀರವ್ವ ಬಗ್ಗಿ ತುಂಬಿದ ಕೊಡವನ್ನು ಚೆಲ್ಲಿದಳು. ಖಾಲಿ ಕೊಡವನ್ನು ಅಪ್ಪನ ಸೈಕಲ್ಲಿಗೆ ತಾನೇ ಕಟ್ಟಿದಳು. ಹಿಂದೆ ನಿಂತವರಲ್ಲಿ ಬೇರೆ ಯಾರೂ ಚೆಲ್ಲಲಿಲ್ಲ. ಒಸಡು ಉರಿಯುತ್ತಿತ್ತು. ನಾನು ಬಾಯಿ ಮುಚ್ಚದೆ ಸಾಲಿನಲ್ಲಿ ಫಕ್ಕೀರವ್ವನ ಹಿಂದೆ ನಿಂತಿದ್ದವಳೂ ನೋಡಲೆಂದು ಅವಳ ಕಡೆಗೆ ತಿರುಗಿದೆ.